ಎಡಗೈಯವರ ಪಿಸ್ತೂಲು

ಸ್ವಯಂಭರ್ತಿ ಪಿಸ್ತೂಲೊಂದರ ಎಡಮಗ್ಗುಲನ್ನೂ ಬಲಮಗ್ಗುಲನ್ನೂ ತೋರಿಸುವ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯವು ಕೂಡಲೆ ಗಮನಕ್ಕೆ ಬರುವುದು. ನಳಿಗೆಯು ಸರಿಯಾಗಿ ನಡುವಿನಲ್ಲಿದೆ, ಗುರಿಕಡ್ಡಿಗಳು ನಡುವಿನಲ್ಲಿವೆ, ನಮ್ಮವರು ಕುದುರೆಯೆಂದು ಕರೆಯುವ ಟ್ರಿಗರು ನಡುವಿನಲ್ಲಿದೆ. ಆದರೆ ಯಂತ್ರವನ್ನು ನಡೆಯಿಸತಕ್ಕ ಸನ್ನೆಗಳೂ ಗುಂಡಿಗಳೂ ಎಡಮಗ್ಗುಲಿನಲ್ಲಿಯೇ ಗುಂಪುಗೂಡಿವೆ. ಬಲಮಗ್ಗುಲು ಬಹುಮಟ್ಟಿಗೆ ಬೋಳು. ಅಲ್ಲಿರುವುದು ಸುಟ್ಟ ತೋಟಾದ ಬರಿದಾದ ಕೊಳವೆಯನ್ನು ಹೊರಕ್ಕೆಸೆಯುವ ಕಿಂಡಿಯೊಂದೇ. ಇದಕ್ಕೆ ಕಾರಣವೇನು? ಬಲಗೈಯಲ್ಲಿ ಪಿಸ್ತೂಲನ್ನು ಹಿಡಿದಾಗ ಹೆಬ್ಬೆರಳು ಎಡಮಗ್ಗುಲಿನ ಮೇಲೆ ಬಂದು ಕೂರುವುದು. ಸನ್ನೆಗಳನ್ನು ಒತ್ತತಕ್ಕ ಬೆರಳು ಅದೇ. ಎಡಗೈಯವನು ಹಿಡಿದಾಗಲಾದರೋ ಅವನ ಹೆಬ್ಬೆರಳು ಬೋಳಾದ ಬಲಮಗ್ಗುಲಿನ ಮೇಲೆ ಬೀಳುವುದು. ಬೇಕಾದ ಸನ್ನೆಗಳೆಲ್ಲ ಅವನ ಅಂಗೈಯ ಕಡೆಯಲ್ಲಿ, ತೋರುಬೆರಳಿನ ಬುಡದಲ್ಲಿ, ಒತ್ತಲು ಅನುಕೂಲವಿಲ್ಲದ ಎಡೆಯಲ್ಲಿ ಉಳಿಯುವುವು.

ಮನುಷ್ಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಗೈಯವರು. ಅಂಗಡಿಯಲ್ಲಿ ತಮಗೆ ಒಪ್ಪುವ ಕತ್ತರಿಯನ್ನೋ ಲೇಖನಿಯನ್ನೋ ಅವರು ಆರಿಸಿಕೊಳ್ಳಬಹುದು. ಸಿಪಾಯಿಗೂ ಪೋಲೀಸಿನವನಿಗೂ ಆ ಸ್ವಾತಂತ್ರ್ಯವಿಲ್ಲ. ಸರಕಾರವು ಕೊಟ್ಟ ಆಯುಧವೇ ಅವನ ಆಯುಧ. ಆದುದರಿಂದ ಎಡಗೈಯವನಿಗೆ ಪಿಸ್ತೂಲನ್ನು ಹೇಗೆ ಒಪ್ಪಿಸಬೇಕೆಂಬುದು ಕೇವಲ ಸೌಕರ್ಯದ ಮಾತಲ್ಲ. ಈ ಪ್ರಶ್ನೆಯೊಳಗೆ ಕನ್ನಡಿ, ಸನ್ನೆ, ತಿರುಪು ಮುಂತಾದವುಗಳ ಭೌತಶಾಸ್ತ್ರವು ಸೊಗಸಾಗಿ ಅಡಗಿರುವುದರಿಂದ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯುಕ್ತ.

ಉದಾಹರಣೆಗೆ ಒಂದು ಪ್ರಸಿದ್ಧವಾದ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಅಮೆರಿಕದ ಜಾನ್ ಬ್ರೌನಿಂಗನು ರಚಿಸಿ, ಆ ದೇಶದ ಸೈನ್ಯವು ೧೯೧೧ರಲ್ಲಿ ಅಂಗೀಕರಿಸಿದ ಕೋಲ್ಟ್ ಪಿಸ್ತೂಲು ಅದು. ಅದರ ಎಡಮಗ್ಗುಲಿನಲ್ಲಿ ಮೂರು ಅಂಗಗಳಿವೆ. ಹಿಂಭಾಗದಲ್ಲಿ ಹೆಬ್ಬೆರಳಿಗೆ ಸಿಕ್ಕುವ ಕಾಪುಸನ್ನೆ. ಇದನ್ನು ಮೇಲಕ್ಕೆತ್ತಿದರೆ ಆಯುಧವು ಬಂಧಿತ, ಕೆಳಕ್ಕೊತ್ತಿದರೆ ಹಾರಿಸಲು ಸಿದ್ಧ. ಅದರ ಮುಂದೆ, ಗುಂಡುಗಳು ಮುಗಿದಾಗ ಮೇಲಿನ ಸ್ಲೈಡನ್ನು ಹಿಂದಕ್ಕೆ ತಡೆದು ನಿಲ್ಲಿಸುವ ತಡೆಸನ್ನೆ. ಕುದುರೆಯ ಹಿಂದುಗಡೆ, ತೋಟಾಗಳನ್ನು ಹೊತ್ತ ಮ್ಯಾಗಜೀನನ್ನು ಕೆಳಕ್ಕೆ ಬೀಳಿಸುವ ಗುಂಡಿ. ಇವಲ್ಲದೆ ಹಿಡಿಯ ಬೆನ್ನಿನಲ್ಲಿ ಇನ್ನೊಂದು ಕಾಪು ಉಂಟು. ಕೈಯಿಂದ ಬಿಗಿಯಾಗಿ ಹಿಡಿದಾಗ ಅದು ತಾನಾಗಿಯೇ ಒಳಕ್ಕೆ ಹೋಗಿ ಕುದುರೆಯನ್ನು ಬಿಡುಗಡೆ ಮಾಡುವುದು. ಈ ನಾಲ್ಕನೆಯ ಅಂಗವನ್ನು ವಾಚಕರು ನೆನಪಿನಲ್ಲಿಡಬೇಕು. ಅದಕ್ಕೆ ಎಡಬಲಗಳ ಭೇದವಿಲ್ಲ.

ಎಡಗೈಯವನು ಈ ಕಾಪುಸನ್ನೆಯನ್ನು ಕೆಳಕ್ಕೊತ್ತುವುದು ಹೇಗೆ? ಬಲಗೈಯನ್ನು ತಂದು ಒತ್ತಬಹುದು. ಆ ಕೈ ಬೇರೆ ಕೆಲಸದಲ್ಲಿದ್ದರೆ ಅದೂ ಇಲ್ಲ. ಇಲ್ಲವೆ ಹಿಡಿತವನ್ನು ಸಡಿಲಿಸಿ, ಕೈಯೊಳಗೇ ಪಿಸ್ತೂಲನ್ನು ಹೊರಳಿಸಿ, ಹೆಬ್ಬೆರಳನ್ನು ಹಿಂಬದಿಯಿಂದ ಸುತ್ತಿ ತಂದು ಒತ್ತಬೇಕು. ಹಾಗೆ ಹೊರಳಿಸಿದ ಮೇಲೆ ಹಿಡಿತವು ಮೊದಲಿನ ಸ್ಥಾನಕ್ಕೆ ಕರಾರುವಾಕ್ಕಾಗಿ ಮರಳುವುದೆಂಬ ಭರವಸೆಯಿಲ್ಲ. ಇದರ ಬೆಲೆಯೇನೆಂಬುದನ್ನು ಲೆಕ್ಕ ಹಾಕಬಹುದು. ಈ ಪಿಸ್ತೂಲಿನಲ್ಲಿ ಹಿಂಗುರಿಗೂ ಮುಂಗುರಿಗೂ ಇರುವ ಅಂತರ ಸುಮಾರು ೧೬.೫ ಸೆಂಟಿಮೀಟರು. ಗುರಿಹಲಗೆಯು ೨೫ ಮೀಟರು ದೂರದಲ್ಲಿದ್ದರೆ, ಸಮರೂಪ ತ್ರಿಭುಜಗಳ ನಿಯಮದಂತೆ, ಮುಂಗುರಿಯ ಸ್ಥಾನದಲ್ಲಿ ಆದ ತಪ್ಪು ಹಲಗೆಯ ಮೇಲೆ ಸುಮಾರು ೧೫೦ ಪಟ್ಟು ಹಿಗ್ಗುವುದು. ಮುಂಗುರಿಯು ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡು ೧೫ ಸೆಂಟಿಮೀಟರು ಪಕ್ಕಕ್ಕೆ ಹೋಗುವುದು. ಕೈಯೊಳಗೆ ಹೊರಳಿಸಿದ ಆಯುಧವು ಒಂದು ಮಿಲಿಮೀಟರಿನೊಳಗೆ ಸ್ವಸ್ಥಾನಕ್ಕೆ ಮರಳಬೇಕೆಂದು ಯಾರು ತಾನೆ ಪಣ ತೊಡಬಲ್ಲರು?

ಇಲ್ಲಿ ಒಂದು ಸಂಶಯವು ಹುಟ್ಟಬಹುದು. ಪಿಸ್ತೂಲಿನ ತೊಡಕು ಬರಿಯ ಸನ್ನೆಗಳಲ್ಲಿದೆಯೆ? ಅಥವಾ ಅದರ ಹಿಮ್ಮೆಟ್ಟು ಮೊದಲಾದ ವ್ಯಾಪಾರಗಳಲ್ಲಿಯೂ ಎಡಬಲಗಳ ಭೇದ ಉಂಟೆ? ನಳಿಗೆಯ ಒಳಗೆ ತೋಡಿದ ಸುರುಳಿಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳುಹಿಸುವುವೆಂಬುದು ತಿಳಿದ ವಿಷಯ. ಕೋಲ್ಟ್ ಪಿಸ್ತೂಲಿನಲ್ಲಿ ಈ ಸುರುಳಿ ಎಡಮುರಿಯದು. ಬೇರೆ ಅನೇಕ ಆಯುಧಗಳಲ್ಲಿ ಬಲಮುರಿಯದು. ಗುಂಡು ಒಂದು ಕಡೆಗೆ ತಿರುಗಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ, ಪಿಸ್ತೂಲು ಇನ್ನೊಂದು ಕಡೆಗೆ ತಿರುಚಿಕೊಳ್ಳಬೇಕಷ್ಟೆ. ಹಾಗಿದ್ದರೆ ಒಂದು ಕೈಗೆ ಅನುಕೂಲವೂ ಇನ್ನೊಂದಕ್ಕೆ ಪ್ರತಿಕೂಲವೂ ಆಗಬೇಡವೆ?

ಲೆಕ್ಕವನ್ನು ಮಾಡಿಯೇ ನೋಡೋಣ. ಗುಂಡಿನ ತೂಕ ಸುಮಾರು ೧೫ ಗ್ರಾಂ, ವೇಗ ಸೆಕೆಂಡಿಗೆ ಸುಮಾರು ೨೫೦ ಮೀಟರು, ತ್ರಿಜ್ಯ ೫.೭ ಮಿಲಿಮೀಟರು. ಸುರುಳಿಯು ೪೦.೬ ಸೆಂಟಿಮೀಟರಿಗೆ ಒಂದು ಸುತ್ತು. ಆದುದರಿಂದ ಗುಂಡು ಸೆಕೆಂಡಿಗೆ ಆರುನೂರಕ್ಕೂ ಹೆಚ್ಚು ಸುತ್ತು ತಿರುಗುವುದು. ಕೇಳುವುದಕ್ಕೆ ಇದು ಭಯಂಕರವಾಗಿದ್ದರೂ, ಗುಂಡಿನ ತ್ರಿಜ್ಯವು ಅತ್ಯಲ್ಪವಾದುದರಿಂದ ಅದರ ಕೋನೀಯ ಸಂವೇಗವು ಮೀಟರು-ಕಿಲೋಗ್ರಾಂ-ಸೆಕೆಂಡು ಮಾನದಲ್ಲಿ ಸುಮಾರು ೦.೦೦೦೯೪ ಮಾತ್ರ. ಇನ್ನು ಹಿಮ್ಮೆಟ್ಟನ್ನು ನೋಡಿರಿ. ಗುಂಡಿನ ಸಂವೇಗ ೦.೦೧೫ ಗುಣಿಸು ೨೫೦, ಎಂದರೆ ೩.೭೫. ನಳಿಗೆಯ ಅಕ್ಷವು ಕೈಹಿಡಿತಕ್ಕಿಂತ ೪ ಸೆಂಟಿಮೀಟರು ಮೇಲಿದೆಯೆಂದು ಇಟ್ಟುಕೊಂಡರೆ, ಪಿಸ್ತೂಲಿನ ಮೂತಿಯನ್ನು ಮೇಲಕ್ಕೆತ್ತುವ ಕೋನೀಯ ಸಂವೇಗವು ೦.೧೫. ಮೊದಲಿನದಕ್ಕಿಂತ ಇದು ೧೬೦ ಪಟ್ಟು ದೊಡ್ಡದು! ಮೂತಿಯು ಏಳುವುದು ನಡುವಿನ ಲಂಬತಲದಲ್ಲಿ. ಎಡವೂ ಅಲ್ಲ, ಬಲವೂ ಅಲ್ಲ. ಪಕ್ಕಕ್ಕೆ ತಿರುಚುವ ಭಾಗವು ಕೈಗೆ ತಿಳಿಯದಷ್ಟು ಸಣ್ಣದು. ಅಂತೂ ಗುಂಡು ಹಾರುವ ಕ್ರಿಯೆಗೆ ಯಾವ ಕೈಯಾದರೂ ಒಂದೇ. ಪಕ್ಷಪಾತವೆಲ್ಲ ಮನುಷ್ಯನು ಹೊರಗೆ ಜೋಡಿಸಿದ ಸನ್ನೆಗಳದು.

ಹಾಗಾದರೆ ಇಡೀ ಪಿಸ್ತೂಲನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಮಾಡಿದರೆ ಹೇಗೆ? ಅದು ನಡೆಯುವುದೆ? ನಿಶ್ಚಯವಾಗಿ ನಡೆಯುವುದು. ಯಂತ್ರಶಾಸ್ತ್ರದ ನಿಯಮಗಳು ಕನ್ನಡಿಯೊಳಗೂ ಹೊರಗೂ ಒಂದೇ. ೧೯೫೭ರಲ್ಲಿ ವೂ ಎಂಬ ವಿಜ್ಞಾನಿಯೂ ಆಕೆಯ ಸಹೋದ್ಯೋಗಿಗಳೂ ವಿಕಿರಣಶೀಲ ಕೋಬಾಲ್ಟಿನ ಮೇಲೆ ನಡೆಸಿದ ಪ್ರಯೋಗದಿಂದ ಪ್ರಕೃತಿಯಲ್ಲಿಯೂ ಒಂದೆಡೆ ಎಡಬಲಗಳ ಭೇದವಿದೆಯೆಂದು ತಿಳಿದುಬಂದುದು ನಿಜ. ಆದರೆ ಆ ಭೇದವು ಬೀಟಾ ಕ್ಷಯದಂತಹ ಕ್ಷೀಣ ಬಲದ ವ್ಯಾಪಾರಗಳಿಗೆ ಸೀಮಿತವಾದುದು. ಸ್ಪ್ರಿಂಗು, ಸನ್ನೆ, ಸಿಡಿಮದ್ದುಗಳಿಗೆ ಅದರ ಗೊಡವೆಯಿಲ್ಲ. ರಿವಾಲ್ವರಿನಲ್ಲಿ ಇಂತಹ ಪೂರ್ಣ ದರ್ಪಣಬಿಂಬವನ್ನು ತಯಾರಿಸಿಯೂ ಇದ್ದಾರೆ. ಸಾಮಾನ್ಯ ರಿವಾಲ್ವರಿನ ಉರುಳೆಯು ಎಡಕ್ಕೆ ತೆರೆದುಕೊಳ್ಳುವುದು. ಈ ಶತಮಾನದ ಆದಿಭಾಗದಲ್ಲಿ ಅಮೆರಿಕದ ಚಾರ್ಟರ್ ಆರ್ಮ್ಸ್ ಎಂಬ ಕಾರ್ಖಾನೆಯವರು ಸೌತ್‌ಪಾ ಎಂಬ ಹೆಸರಿನಲ್ಲಿ ಮಾರಿದ ರಿವಾಲ್ವರಿನಲ್ಲಿ ಅದು ಬಲಕ್ಕೆ ತೆರೆಯುವುದು. ಶುದ್ಧವಾದ ಪರಿಹಾರವೇನೋ ಹೌದು. ಆದರೆ ಹತ್ತು ಮಂದಿಯಲ್ಲಿ ಒಬ್ಬನಿಗಾಗಿ ಎಲ್ಲ ಅಚ್ಚುಗಳನ್ನೂ ಎರಡನೆಯ ಬಾರಿ ಮಾಡಿಸಬೇಕು. ಸೈನ್ಯದ ಉಗ್ರಾಣದಲ್ಲಿ ಎರಡು ಬಗೆಯ ಬಿಡಿಭಾಗಗಳನ್ನು ಇಡಬೇಕು. ಬಲಗೈಯ ಗೆಳೆಯನ ಆಯುಧವು ಆಪತ್ಕಾಲದಲ್ಲಿ ಎಡಗೈಯವನಿಗೆ ಸಿಕ್ಕಿದರೆ ಮತ್ತೆ ಮೊದಲಿನ ಪಾಡೇ. ಆದುದರಿಂದ ಈ ದಾರಿಯಲ್ಲಿ ಹೋದವರು ವಿರಳ.

ಎಡಬಲಗಳ ಭೇದವುಳ್ಳ ಉಪಕರಣಗಳು ನಮ್ಮ ಸುತ್ತಲೂ ಎಷ್ಟೋ ಇವೆ. ಬಲಗೈಯವರಿಗೆ ಅದರ ಅರಿವಾಗುವುದಿಲ್ಲ, ಅಷ್ಟೆ. ಕತ್ತರಿಯ ಅಲಗುಗಳನ್ನು ಗಮನಿಸಿರಿ. ಬಲಗೈಯಲ್ಲಿ ಮುಚ್ಚುವಾಗ ಹೆಬ್ಬೆರಳು ಒಂದು ಹಿಡಿಯನ್ನು ಹೊರಕ್ಕೆ ತಳ್ಳುವುದು, ಉಳಿದ ಬೆರಳುಗಳು ಇನ್ನೊಂದನ್ನು ಒಳಕ್ಕೆ ಸೆಳೆಯುವುವು. ಈ ಪಕ್ಕದ ಬಲವು ಎರಡು ಅಲಗುಗಳನ್ನೂ ಒಂದಕ್ಕೊಂದು ಒತ್ತಿ ಹಿಡಿಯುವುದರಿಂದ ಬಟ್ಟೆ ಕತ್ತರಿಸಲ್ಪಡುವುದು. ಅದೇ ಕತ್ತರಿಯನ್ನು ಎಡಗೈಗೆ ಕೊಟ್ಟರೆ ಅದೇ ಬಲವು ಅಲಗುಗಳನ್ನು ಅಗಲಿಸುವುದು. ಬಟ್ಟೆಯು ಕತ್ತರಿಸದೆ ನಡುವೆ ಮಡಿಚಿಕೊಳ್ಳುವುದು. ನಮ್ಮ ಪ್ರಯೋಗಶಾಲೆಗಳ ಸ್ಕ್ರೂ ಗೇಜೂ ಇದೇ ಜಾತಿಯದು. ಎಡಗೈಯ ವಿದ್ಯಾರ್ಥಿಯು ಅದರ ಉರುಳೆಯನ್ನು ಎಡಗೈಯಿಂದ ತಿರುಗಿಸಲು ಹೋದರೆ ಅಂಕಿಗಳು ತಲೆಕೆಳಗಾಗಿ ನಿಲ್ಲುವುವು. ಅಂತಹವರು ಓದಿದ ಅಂಕಿಯಲ್ಲಿ ತಪ್ಪು ಕಂಡಾಗ ಅಧ್ಯಾಪಕರಾದ ನಾವು ಗದರಿಸುವುದಕ್ಕೆ ಮೊದಲು ಆ ಉಪಕರಣವು ಯಾರ ಕೈಗಾಗಿ ಮಾಡಿದುದೆಂದು ಯೋಚಿಸುವುದು ಒಳ್ಳೆಯದು.

ಇನ್ನು ತಿರುಪು. ಲೋಕದ ತಿರುಪುಗಳೆಲ್ಲ ಸಾಧಾರಣವಾಗಿ ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯುವುವು. ಬಲಗೈಯನ್ನು ಹಾಗೆ ಹೊರಕ್ಕೆ ಹೊರಳಿಸುವಾಗ ತೋಳಿನ ಮುಂಭಾಗದ ದೊಡ್ಡ ಸ್ನಾಯುವು ನೆರವಾಗುವುದು. ಎಡಗೈಯವನು ಅದೇ ದಿಕ್ಕಿಗೆ ತಿರುಗಿಸಲು ಕೈಯನ್ನು ಒಳಕ್ಕೆ ಹೊರಳಿಸಬೇಕು. ಅದು ಬಲಹೀನವಾದ ಚಲನೆ. ಬಿಗಿಯುವುದರಲ್ಲಿ ಅವನು ಹಿಂದೆ. ಆದರೆ ತುಕ್ಕು ಹಿಡಿದ ತಿರುಪನ್ನು ಬಿಚ್ಚಬೇಕಾಗಿ ಬಂದಾಗ ಅವನೇ ಮುಂದೆ! ಮನೆಯಲ್ಲಿ ಎಡಚನೊಬ್ಬನಿದ್ದರೆ ಬಿಗಿದ ಮುಚ್ಚಳಗಳನ್ನು ಅವನ ಕೈಗೇ ಕೊಡುವುದು ಜಾಣತನ.

ಪಿಸ್ತೂಲಿಗೆ ಹಿಂದಿರುಗೋಣ. ಇಡೀ ಯಂತ್ರವನ್ನು ತಿರುವುವುದು ದುಬಾರಿಯಾದರೆ ಸನ್ನೆಗಳನ್ನು ಮಾತ್ರ ಇಮ್ಮಡಿ ಮಾಡಬಹುದು. ಕಾಪುಸನ್ನೆಯ ಅಚ್ಚುಕಡ್ಡಿಯನ್ನು ಪಿಸ್ತೂಲಿನ ಮೈಯೊಳಗಿಂದ ಬಲಮಗ್ಗುಲಿಗೂ ಹಾಯಿಸಿ ಅಲ್ಲಿ ಎರಡನೆಯ ಸನ್ನೆಯನ್ನು ಜೋಡಿಸಿದರಾಯಿತು; ಯಾವುದನ್ನು ಒತ್ತಿದರೂ ಎರಡೂ ಒಟ್ಟಿಗೆ ತಿರುಗುವುವು. ಕೋಲ್ಟ್ ಪಿಸ್ತೂಲಿಗೆ ಇಂತಹ ಇಬ್ಬದಿಯ ಕಾಪನ್ನು ಪ್ರಚಾರಕ್ಕೆ ತಂದ ಕೀರ್ತಿಯು ಆರ್ಮಂಡ್ ಸ್ವೆನ್ಸನ್ ಎಂಬ ಅಮೆರಿಕದ ಬಂದೂಕು ಕುಶಲಿಗೆ ಸಲ್ಲುವುದು. ಹೇಳುವುದು ಸುಲಭ, ಮಾಡುವುದರಲ್ಲಿ ಒಂದು ಸೂಕ್ಷ್ಮವಿದೆ. ಎರಡು ಪಕ್ಕಗಳಿಂದಲೂ ಕಡ್ಡಿಯನ್ನು ತೂರಿಸಬೇಕಾದುದರಿಂದ ಅದನ್ನು ಎರಡು ತುಂಡಾಗಿ ಮಾಡಿ, ಒಂದರ ತುದಿಯ ನಾಲಗೆಯನ್ನು ಇನ್ನೊಂದರ ತುದಿಯ ಸೀಳಿನಲ್ಲಿ ಕೂರಿಸುವರು. ನಾಲಗೆಯು ಸೀಳಿನೊಳಗೆ ಹೋಗಬೇಕಾದರೆ ನಡುವೆ ಕಿಂಚಿತ್ತಾದರೂ ಎಡೆಯಿರಬೇಕಷ್ಟೆ. ಆ ಎಡೆ ೦.೦೫ ಮಿಲಿಮೀಟರೆಂದೂ, ನಾಲಗೆಯ ಅಗಲ ೪ ಮಿಲಿಮೀಟರೆಂದೂ ಭಾವಿಸೋಣ. ಒಂದು ಕಡ್ಡಿಯು ಇನ್ನೊಂದನ್ನು ತಳ್ಳುವ ಮೊದಲು ಸುಮಾರು ೦.೦೧೨೫ ರೇಡಿಯನ್ನಿನಷ್ಟು, ಎಂದರೆ ಮುಕ್ಕಾಲು ಡಿಗ್ರಿಗೆ ಸ್ವಲ್ಪ ಕಡಿಮೆಯಷ್ಟು, ಬರಿದೆ ತಿರುಗುವುದು. ಸನ್ನೆಯ ತುದಿಯು ಕಡ್ಡಿಯಿಂದ ೨೫ ಮಿಲಿಮೀಟರು ದೂರದಲ್ಲಿದ್ದರೆ ಅಲ್ಲಿ ೦.೩ ಮಿಲಿಮೀಟರಿನ ಸಡಿಲವು ಹೆಬ್ಬೆರಳಿಗೆ ತಿಳಿಯುವುದು. ಕೀಲು ಸವೆದಂತೆಲ್ಲ ಈ ಸಡಿಲವು ಹೆಚ್ಚುವುದು. ಕಾಪುಸನ್ನೆಯು ಪೂರ್ತಿ ಮೇಲಕ್ಕೆ ಬಂದಿದೆಯೆಂದು ಎಡಗೈಯವನ ಹೆಬ್ಬೆರಳು ತಿಳಿದುಕೊಂಡಾಗ ಆಚೆಯ ಮಗ್ಗುಲಿನ ನಿಜವಾದ ಸನ್ನೆಯು ಇನ್ನೂ ಅರ್ಧದಾರಿಯಲ್ಲಿರುವಷ್ಟು ಸವೆತವನ್ನು ಬೆಳೆಯಗೊಡಕೂಡದು.

ಇನ್ನೊಂದು ಅಪಾಯವೂ ಇದೆ. ಹೊಸದಾಗಿ ಬಂದ ಬಲಮಗ್ಗುಲಿನ ಸನ್ನೆಯು ಸೊಂಟದ ಚೀಲದಲ್ಲಿ ಹೊರಮುಖವಾಗಿರುವುದು, ಮೈಯ ಕಡೆಗಲ್ಲ. ಬಲಗೈಯವನು ಬಲಸೊಂಟದಲ್ಲಿ ಇಟ್ಟುಕೊಂಡಾಗ ಅದು ಬಾಗಿಲಿಗೋ ಕುರ್ಚಿಯ ತೋಳಿಗೋ ತಗಲಿ ತಾನಾಗಿಯೇ ಕೆಳಕ್ಕೆ ಜಾರಬಹುದು. ಇದನ್ನು ತಡೆಯಲು ಸನ್ನೆಯನ್ನು ಎರಡು ಸ್ಥಾನಗಳಲ್ಲಿಯೂ ಹಿಡಿದು ನಿಲ್ಲಿಸುವ ಸ್ಪ್ರಿಂಗಿನ ಮೊಳೆಯು ಬಿಗಿಯಾಗಿರಬೇಕು. ಆದರೆ ಹೆಬ್ಬೆರಳಿಗೆ ಅಸಾಧ್ಯವೆನ್ನುವಷ್ಟು ಬಿಗಿಯಾಗಿಯೂ ಇರಕೂಡದು. ಭ್ರಾಮಕವೆಂದರೆ ಬಲ ಗುಣಿಸು ತೋಳಿನ ಉದ್ದ. ಮೊಳೆಯನ್ನು ಮೀರಲು ೦.೨ ನ್ಯೂಟನ್-ಮೀಟರು ಬೇಕೆಂದಾದರೆ ೨೦ ಮಿಲಿಮೀಟರಿನ ಸನ್ನೆಗೆ ೧೦ ನ್ಯೂಟನ್ನಿನ ಒತ್ತಡ ಬೇಕು. ಸನ್ನೆಯನ್ನು ೨೫ ಮಿಲಿಮೀಟರಿಗೆ ಉದ್ದ ಮಾಡಿದರೆ ೮ ಸಾಕು. ಹೆಬ್ಬೆರಳಿಗೆ ಸುಲಭವಾದುದು ಕುರ್ಚಿಯ ತೋಳಿಗೂ ಸುಲಭವಾಗುವುದೆಂಬುದೇ ತೊಂದರೆ. ನಮ್ಮ ಅಭಿಪ್ರಾಯದಲ್ಲಿ ಬಲಮಗ್ಗುಲಿನ ಸನ್ನೆಯು ಗಿಡ್ಡವಾಗಿಯೂ ಮೈಗೆ ಅಂಟಿಕೊಂಡೂ ಇರುವುದು ಲೇಸು. ನಮ್ಮ ದೇಶದಲ್ಲಿ ೧೯೫೯ರ ಆಯುಧ ಶಾಸನದ ಪ್ರಕಾರ ಬಂದೂಕಿನ ದುರಸ್ತಿ, ಪರಿವರ್ತನೆಗಳು ಪರವಾನಗಿ ಪಡೆದ ಕುಶಲಿಗಳ ಕೆಲಸ. ಅರ ಹಿಡಿದ ಹವ್ಯಾಸಿಗಳದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕಾಪುಸನ್ನೆಯ ಒಳತುದಿಯಲ್ಲಿ ಕೂದಲೆಳೆಯಷ್ಟು ಲೋಹ ಹೆಚ್ಚಾಗಿ ಸವೆದರೂ ಕಾಪು ಇದ್ದೂ ಇಲ್ಲದಂತಾಗುವುದು.

ಬ್ರೌನಿಂಗನು ೧೯೨೬ರಲ್ಲಿ ತೀರಿಕೊಂಡ ಮೇಲೆ ಆತನು ಆರಂಭಿಸಿದ್ದ ಇನ್ನೊಂದು ಪಿಸ್ತೂಲನ್ನು ಬೆಲ್ಜಿಯಮಿನ ಸೇವ್ ಎಂಬ ಶಿಲ್ಪಿಯು ಪೂರ್ಣಗೊಳಿಸಿದನು. ೧೯೩೫ರಲ್ಲಿ ಹೊರಬಂದ ಈ ಹೈ-ಪವರ್ ಪಿಸ್ತೂಲಿನ ಮಾದರಿಯನ್ನೇ ಅನುಸರಿಸಿ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯು ಭಾರತದ ಸೈನ್ಯಕ್ಕಾಗಿ ೯ ಮಿಲಿಮೀಟರಿನ ಪಿಸ್ತೂಲನ್ನು ತಯಾರಿಸಿತು. ಅದರಲ್ಲಿಯೂ ಕಾಪು ಎಡಮಗ್ಗುಲಿನಲ್ಲಿಯೇ. ಬೆಲ್ಜಿಯಮಿನ ಮೂಲ ಕಾರ್ಖಾನೆಯವರು ೧೯೮೦ರ ದಶಕದಲ್ಲಿ ತಮ್ಮ ಮಾದರಿಗೆ ಇಬ್ಬದಿಯ ಕಾಪನ್ನು ಜೋಡಿಸಿದರು.

ಸುಮಾರು ಅದೇ ಕಾಲದಲ್ಲಿ ಸೈನ್ಯಗಳೂ ಈ ವಿಷಯಕ್ಕೆ ಕಣ್ಣು ತೆರೆದುವೆನ್ನಬಹುದು. ಕೋಲ್ಟಿನ ಬದಲಿಗೆ ಅಮೆರಿಕದ ಸೈನ್ಯವು ೧೯೮೫ರಲ್ಲಿ ಎಂ೯ ಎಂಬ ಹೆಸರಿನಿಂದ ಅಂಗೀಕರಿಸಿದ ಇಟಲಿಯ ಬೆರೆಟ್ಟಾ ಪಿಸ್ತೂಲಿನಲ್ಲಿ ಕಾಪುಸನ್ನೆಯು ಎರಡು ಮಗ್ಗುಲುಗಳಲ್ಲಿಯೂ ಇತ್ತು. ಮ್ಯಾಗಜೀನಿನ ಗುಂಡಿಯನ್ನಾದರೋ ಇಮ್ಮಡಿ ಮಾಡಲಿಲ್ಲ. ಕಳಚಿ ತಿರುಗಿಸಿ ಇನ್ನೊಂದು ಮಗ್ಗುಲಿನಲ್ಲಿ ಕೂರಿಸುವಂತೆ ಮಾಡಿದರು. ಇದು ಬೇರೊಂದು ಉಪಾಯ. ಕೀಲಿಲ್ಲ, ಸಡಿಲವಿಲ್ಲ, ಬೇಡದ ಮಗ್ಗುಲಿನಲ್ಲಿ ತಗಲಿಕೊಳ್ಳುವ ಗುಂಡಿಯಿಲ್ಲ. ಆದರೆ ಒಮ್ಮೆಗೆ ಒಬ್ಬನಿಗೆ ಮಾತ್ರ ಒಪ್ಪುವುದು. ವಿಚಿತ್ರವೆಂದರೆ ಅನೇಕ ಎಡಗೈಯವರು ಈ ಗುಂಡಿಯನ್ನು ಎಡಮಗ್ಗುಲಿನಲ್ಲಿಯೇ ಬಿಟ್ಟು ತೋರುಬೆರಳಿನಿಂದ ಒತ್ತುವರು. ಒತ್ತುವಾಗ ಬೆರಳು ಕುದುರೆಯ ಮೇಲಿರಲಾರದೆಂಬುದು ಇದರಲ್ಲಿರುವ ಒಂದು ಲಾಭ. ಬಲಗೈಯವನಿಗೆ ಈ ತಾನಾಗಿ ಬಂದ ಕ್ಷೇಮವಿಲ್ಲ.

ಎಲ್ಲಕ್ಕಿಂತ ಚೆಲುವಾದ ಪರಿಹಾರವು ಮೂರನೆಯದು: ಎಡಬಲಗಳ ಪ್ರಶ್ನೆಯೇ ಏಳದಂತೆ ಅಂಗವನ್ನು ನಡುವಿನ ತಲದಲ್ಲಿ ಇಡುವುದು. ಕೋಲ್ಟಿನ ಹಿಡಿಯ ಬೆನ್ನಿನ ಕಾಪು ಈ ಜಾತಿಗೆ ಸೇರಿದುದು. ಜರ್ಮನಿಯ ವಾಲ್ಥರ್ ಪಿ೩೮, ರಷ್ಯದ ಮಕಾರೊವ್ ಮುಂತಾದ ಪಿಸ್ತೂಲುಗಳಲ್ಲಿ ಮ್ಯಾಗಜೀನಿನ ಚಿಲಕವು ಹಿಡಿಯ ತಳದಲ್ಲಿದೆ. ನಿಧಾನವಾದರೂ ಇಬ್ಬರಿಗೂ ಸಮಾನವಾಗಿ ನಿಧಾನ! ಜರ್ಮನಿಯ ಹೆಕ್ಲರ್ ಮತ್ತು ಕೋಖ್ ಕಾರ್ಖಾನೆಯ ಪಿ೭ ಪಿಸ್ತೂಲಿನಲ್ಲಿ ಹಿಡಿಯ ಮುಂಭಾಗವೇ ಒಂದು ಸನ್ನೆ. ಬೆರಳುಗಳಿಂದ ಅದನ್ನು ಅಮುಕಿದಾಗ ಮಾತ್ರ ಆಯುಧವು ಸಿದ್ಧವಾಗುವುದು, ಬಿಟ್ಟೊಡನೆ ಬಂಧಿತವಾಗುವುದು. ಆಸ್ಟ್ರಿಯದ ಸೈನ್ಯವು ೧೯೮೨ರಲ್ಲಿ ಒಪ್ಪಿಕೊಂಡ ಗ್ಲಾಕ್ ಪಿಸ್ತೂಲಿನಲ್ಲಿ ಹೆಬ್ಬೆರಳಿನ ಕಾಪುಸನ್ನೆಯೇ ಇಲ್ಲ. ಕುದುರೆಯ ಮುಖದಲ್ಲಿರುವ ಪುಟ್ಟ ನಾಲಗೆಯನ್ನು ತೋರುಬೆರಳು ಒತ್ತದೆ ಕುದುರೆ ಸರಿಯದು. ಹೀಗಿದ್ದೂ ಅದರ ಉಳಿದ ಎರಡು ಅಂಗಗಳು ಎಡಮಗ್ಗುಲಿನಲ್ಲಿಯೇ ಉಳಿದಿದ್ದುವು. ಮ್ಯಾಗಜೀನಿನ ಗುಂಡಿಯನ್ನು ತಿರುಗಿಸಿ ಕೂರಿಸುವ ಅನುಕೂಲವು ೨೦೧೦ರ ನಾಲ್ಕನೆಯ ಪೀಳಿಗೆಯಲ್ಲಿಯೂ, ಇಬ್ಬದಿಯ ತಡೆಸನ್ನೆಯು ೨೦೧೭ರ ಐದನೆಯ ಪೀಳಿಗೆಯಲ್ಲಿಯೂ ಬಂದುವು. ಎಡಗೈಯವರ ಪಾಲಿಗೆ ಮೂವತ್ತೈದು ವರ್ಷಗಳ ಕಾಯುವಿಕೆ!

ಹಳೆಯ ಆಯುಧಗಳಲ್ಲಿ ಕೆಲವು ಬಲಗೈಯವನಿಗೇ ಅಡ್ಡಿಯಾಗಿದ್ದುವೆಂಬುದು ಕೌತುಕದ ಸಂಗತಿ. ೧೮೭೩ರ ಪ್ರಸಿದ್ಧ ಕೋಲ್ಟ್ ರಿವಾಲ್ವರಿನಲ್ಲಿ ತೋಟಾ ತುಂಬುವ ಬಾಗಿಲು ಬಲಮಗ್ಗುಲಿನಲ್ಲಿದೆ. ಬಲಗೈಯವನು ತುಂಬಬೇಕಾದರೆ ಆಯುಧವನ್ನು ಎಡಗೈಗೆ ಬದಲಾಯಿಸಬೇಕು; ಎಡಗೈಯವನು ಹಿಡಿದ ಕೈಯಲ್ಲಿಯೇ ಇಟ್ಟುಕೊಂಡು ಬಲಗೈಯಿಂದ ತುಂಬಬಲ್ಲನು. ಇದನ್ನು ಕಂಡು ಸ್ಯಾಮ್ಯುಯೆಲ್ ಕೋಲ್ಟನೇ ಎಡಚನಾಗಿದ್ದನೆಂದು ಕತೆ ಕಟ್ಟಿದವರೂ ಉಂಟು. ಆದರೆ ಈ ರಿವಾಲ್ವರು ರಚಿತವಾಗುವ ಹೊತ್ತಿಗೆ ಆತನು ಸತ್ತು ಹತ್ತು ವರ್ಷಗಳಾಗಿದ್ದುವು. ವಾಲ್ಥರ್ ಪಿ೩೮ ಪಿಸ್ತೂಲು ಬರಿಯ ಕೊಳವೆಗಳನ್ನು ಎಡಕ್ಕೆ ಎಸೆಯುವುದು. ಜರ್ಮನಿಯದೇ ಆದ ಲೂಗರ್ ಪಿಸ್ತೂಲು ಮೇಲಕ್ಕೆ ಎಸೆಯುವುದು.

ಕೊಳವೆಯ ಎಸೆತವು ಪಿಸ್ತೂಲಿನಲ್ಲಿ ದೊಡ್ಡ ತೊಂದರೆಯಲ್ಲ. ಚಾಚಿದ ತೋಳಿನ ತುದಿಯಲ್ಲಿ ಅದು ಎಲ್ಲಿ ಬಿದ್ದರೇನು? ಕೆನ್ನೆಗೆ ತಾಗಿಸಿ ಹಿಡಿಯುವ ರೈಫಲಿನಲ್ಲಾದರೋ ಮಾತೇ ಬೇರೆ. ಬ್ರಿಟಿಷ್ ಸೈನ್ಯದ ಎಲ್೮೫ ರೈಫಲಿನ ಯಂತ್ರಭಾಗವು ಕುದುರೆಯ ಹಿಂದೆ, ಹಾರಿಸುವವನ ಮುಖದ ಬಳಿಯಲ್ಲಿಯೇ ಇರುವುದರಿಂದ, ಎಡಭುಜದಿಂದ ಹಾರಿಸಿದರೆ ಬಿಸಿ ಕೊಳವೆಯು ಮುಖಕ್ಕೇ ಬಡಿಯುವುದು. ಎಡಗೈಯ ಸಿಪಾಯಿಗಳೂ ಅದನ್ನು ಬಲಭುಜದಿಂದಲೇ ಕಲಿಯಬೇಕು. ಬೆಲ್ಜಿಯಮಿನ ಪಿ೯೦ ಎಂಬ ಆಯುಧವು ಕೊಳವೆಗಳನ್ನು ನೇರವಾಗಿ ಕೆಳಕ್ಕೆ ಉದುರಿಸುವುದು. ಮತ್ತೆ ಅದೇ ನಡುತಲದ ಉಪಾಯ.

ಸನ್ನೆಗಳ ವಿಷಯವನ್ನು ಇಷ್ಟು ಹೇಳಿದ ಮೇಲೆ ಹಿಡಿಯ ವಿಷಯವನ್ನು ಹೇಳದಿದ್ದರೆ ಪಾಠವು ಅಪೂರ್ಣವಾದೀತು. ಅದನ್ನು ಒಬ್ಬ ಧೀರನ ಚರಿತ್ರೆಯ ಮೂಲಕ ಹೇಳುವೆವು. ಹಂಗೆರಿಯ ಸೈನಿಕನಾದ ಕಾರೊಯ್ ತಕಾಚನು ಬಲಗೈಯ ಪಿಸ್ತೂಲುಗಾರರಲ್ಲಿ ಹೆಸರಾದವನು. ೧೯೩೮ರಲ್ಲಿ ಸೈನ್ಯದ ಅಭ್ಯಾಸದ ಕಾಲದಲ್ಲಿ ಕೈಬಾಂಬೊಂದು ಸಿಡಿದು ಆತನ ಬಲಗೈಯು ಛಿದ್ರವಾಯಿತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹೊರಬಂದವನು, ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸ ಮಾಡತೊಡಗಿದನು. ಮರುವರ್ಷವೇ ಹಂಗೆರಿಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದನು. ಯುದ್ಧದಿಂದಾಗಿ ೧೯೪೦ರ ಮತ್ತು ೧೯೪೪ರ ಒಲಿಂಪಿಕ್ ಕ್ರೀಡೆಗಳು ನಡೆಯಲೇ ಇಲ್ಲ. ೧೯೪೮ರಲ್ಲಿ ಲಂಡನ್ನಿಗೆ ಬಂದಾಗ ಆತನಿಗೆ ಮೂವತ್ತೆಂಟು ವರ್ಷ. ೨೫ ಮೀಟರಿನ ಕ್ಷಿಪ್ರ ಪಿಸ್ತೂಲು ಸ್ಪರ್ಧೆಯಲ್ಲಿ ೫೮೦ ಅಂಕಗಳ ವಿಶ್ವದಾಖಲೆಯೊಡನೆ, ಎಡಗೈಯಿಂದ, ಚಿನ್ನದ ಪದಕವನ್ನು ಗಳಿಸಿದನು. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೊಮ್ಮೆ.

ಈ ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಐದು ಗುಂಡುಗಳನ್ನು ಎಂಟು, ಆರು, ಕೊನೆಗೆ ನಾಲ್ಕು ಸೆಕೆಂಡುಗಳಲ್ಲಿ ಹಾರಿಸಬೇಕು. ಹಾರಿಸುವಾಗ ಕಾಪುಸನ್ನೆಯ ಗೊಡವೆಯಿಲ್ಲ, ಎಲ್ಲವೂ ಹಿಡಿಯಲ್ಲಿದೆ. ಇಂದಿನ ಸ್ಪರ್ಧೆಗಳಲ್ಲಿ ಬಳಸುವ ಮರದ ಹಿಡಿಯನ್ನು ಅಂಗೈಯ ಉಬ್ಬುತಗ್ಗುಗಳಿಗೂ ಬೆರಳುಗಳ ಸಂದುಗಳಿಗೂ ಸರಿಯಾಗಿ ಕೆತ್ತಿರುವರು. ನಿಯಮದಂತೆ ಅದು ಮಣಿಕಟ್ಟಿಗೆ ಮಾತ್ರ ಆಸರೆ ಕೊಡಕೂಡದು. ಇಂತಹ ಹಿಡಿಯು ಕೈಗವಸಿನಂತೆ, ಪಾದರಕ್ಷೆಯಂತೆ. ಬಲಗಾಲಿನ ಜೋಡನ್ನು ಎಷ್ಟು ತಿರುಗಿಸಿದರೂ ಎಡಗಾಲಿನದಾಗದು. ಕನ್ನಡಿಯೊಂದೇ ಅದನ್ನು ಎಡಗಾಲಿನದಾಗಿಸಬಲ್ಲುದು. ಆದುದರಿಂದ ಎಡಗೈಯ ಸ್ಪರ್ಧಿಗೆ ಹಿಡಿಯನ್ನು ಬೇರೆಯಾಗಿಯೇ ಕೆತ್ತಬೇಕು. ತಪ್ಪುಗಳು ಸಹ ಕನ್ನಡಿಯಲ್ಲಿ ಕಂಡಂತೆ ತಿರುವುವುವು. ಕುದುರೆಯನ್ನು ನೇರವಾಗಿ ಹಿಂದಕ್ಕೆಳೆಯದೆ ಬೆರಳಿನಿಂದ ಪಕ್ಕಕ್ಕೆ ತಳ್ಳುವ ಹೊಸಬನ ಗುಂಡುಗಳು, ಬಲಗೈಯವನಾದರೆ ಎಡಕ್ಕೂ ಕೆಳಕ್ಕೂ, ಎಡಗೈಯವನಾದರೆ ಬಲಕ್ಕೂ ಕೆಳಕ್ಕೂ ಬೀಳುವುವು. ಇದನ್ನರಿಯದ ಶಿಕ್ಷಕನು ಎಡಗೈಯ ಶಿಷ್ಯನಿಗೆ ತಿರುಗಾಮುರುಗಾ ಬುದ್ಧಿ ಹೇಳುವ ಸಂಭವವುಂಟು.

ಕೊನೆಯದಾಗಿ ಕಣ್ಣು. ಕೈಗಳಲ್ಲಿರುವಂತೆ ಕಣ್ಣುಗಳಲ್ಲಿಯೂ ಒಂದು ಪ್ರಧಾನ, ಇನ್ನೊಂದು ಗೌಣ. ಎಡಗೈಯವನ ಪ್ರಧಾನ ನೇತ್ರವು ಎಡದ್ದೇ ಆಗಿರಬೇಕೆಂಬ ನಿಯಮವಿಲ್ಲ. ಪರೀಕ್ಷೆಯು ಸುಲಭ. ಎರಡು ಕೈಗಳನ್ನೂ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿಯನ್ನು ಮಾಡಿ, ಎರಡು ಕಣ್ಣುಗಳನ್ನೂ ತೆರೆದು ಅದರೊಳಗಿಂದ ದೂರದ ಒಂದು ದೀಪವನ್ನು ನೋಡಿರಿ. ಅನಂತರ ಒಂದೊಂದೇ ಕಣ್ಣನ್ನು ಮುಚ್ಚಿರಿ. ಯಾವ ಕಣ್ಣನ್ನು ಮುಚ್ಚಿದಾಗ ದೀಪವು ಕಿಂಡಿಯಿಂದ ಮರೆಯಾಗುವುದೋ ಅದೇ ಪ್ರಧಾನ ನೇತ್ರ. ಕೈ ಎಡದ್ದೂ ಕಣ್ಣು ಬಲದ್ದೂ ಆದವನಿಗೆ ರೈಫಲು ಕಷ್ಟ, ಏಕೆಂದರೆ ಎಡಭುಜಕ್ಕೆ ಒರಗಿದ ರೈಫಲಿನ ಗುರಿಗೆ ಬಲಗಣ್ಣನ್ನು ತರಲಾಗದು. ಪಿಸ್ತೂಲಿನಲ್ಲಿ ಹಾಗಿಲ್ಲ. ಎರಡು ಕಣ್ಣುಗಳ ನಡುವಿನ ದೂರ ಸುಮಾರು ಆರು ಸೆಂಟಿಮೀಟರು; ಚಾಚಿದ ತೋಳಿನ ತುದಿಯಲ್ಲಿರುವ ಪಿಸ್ತೂಲನ್ನು ಅಷ್ಟು ಬಲಕ್ಕೆ ಸರಿಸಿದರೆ, ಇಲ್ಲವೆ ತಲೆಯನ್ನು ಕೊಂಚ ಎಡಕ್ಕೆ ಹೊರಳಿಸಿದರೆ, ಬಲಗಣ್ಣು ಗುರಿಗಳ ನೇರಕ್ಕೆ ಬರುವುದು. ಇದಕ್ಕೆ ಅರವೂ ಬೇಡ, ಹೊಸ ಸನ್ನೆಯೂ ಬೇಡ.